ಅಪ್ಪ-ಅಮ್ಮನ ಮೊದಲ ದೂರದ ವಿಮಾನ: ನಿದ್ದೆ ಮಾತ್ರೆ ಯಾರಿಗೆ, ಯಾವಾಗ, ಎಷ್ಟು?

ಸಂಪಿಗೆ_ಡಾಲಸ್
ಟಿಕೆಟ್ ಹೀಗಿದೆ: ಬೆಂಗಳೂರಿನಿಂದ ಬೆಳಗಿನ ಜಾವ 4ಕ್ಕೆ ಹೊರಟು 4 ಗಂಟೆಯಲ್ಲಿ ದುಬೈ. ಅಲ್ಲಿ 3 ಗಂಟೆ ಕಾಯಬೇಕು. ಆಮೇಲೆ ದುಬೈ–ಡಾಲಸ್ ಒಂದೇ ಹಾರಾಟ, ಹತ್ತಿರ ಹತ್ತಿರ 16 ಗಂಟೆ. ಅಮ್ಮನಿಗೆ 66. ಆರು ವರ್ಷದಿಂದ ದಿನಾ ರಾತ್ರಿ ಕ್ಲೋನಾಜೆಪಾಮ್ 0.5 ಮಿ.ಗ್ರಾಂ ತಗೊಳ್ತಾರೆ. ವಿಮಾನಕ್ಕೆಂದು ಈಗ ಬೇರೆ ಡಾಕ್ಟರು ಜೋಲ್ಪಿಡೆಮ್ 10 ಬರೆದುಕೊಟ್ಟಿದ್ದಾರೆ. ಅಪ್ಪನಿಗೆ 71, ಬಿ.ಪಿ. ಇದೆ, ಗೊರಕೆ ಜೋರು. ಅವರಿಗೆ ಪಕ್ಕದ ಮನೆಯವರು ತಮ್ಮ ಆಲ್‌ಪ್ರಜೋಲಾಮ್ 0.25 ಕೊಟ್ಟು "ಅರ್ಧ ನುಂಗಿ ಮಲಗಿಬಿಡಿ" ಅಂದಿದ್ದಾರೆ. ಯಾವುದು ಸರಿ, ಯಾವುದನ್ನು ತೆಗೆದಿಡಬೇಕು? ಕಾಗದಪತ್ರ ಏನು ಬೇಕು?

ನಿದ್ದೆವೈದ್ಯೆ
ಮೊದಲು ತೆಗೆದಿಡಬೇಕಾದ್ದು ಹೇಳ್ತೀನಿ. ಪಕ್ಕದ ಮನೆಯ ಆಲ್‌ಪ್ರಜೋಲಾಮ್ ವಾಪಸ್ ಕೊಟ್ಟುಬಿಡಿ. ಅಮ್ಮನ ಜೋಲ್ಪಿಡೆಮ್ 10 ಕೂಡ ಬೇಡ.

ಅಮ್ಮನ ವಿಷಯ. ಕ್ಲೋನಾಜೆಪಾಮ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಔಷಧಿ ಅರ್ಧಕ್ಕೆ ಇಳಿಯುವ ಹೊತ್ತು, 30–40 ಗಂಟೆ. ದಿನಾ ತಗೊಳ್ಳುವವರ ರಕ್ತದಲ್ಲಿ ಅದು ಹಗಲೂ ರಾತ್ರಿಯೂ ಇದ್ದೇ ಇರುತ್ತೆ. ಅದರ ಮೇಲೆ ಜೋಲ್ಪಿಡೆಮ್ ಹಾಕಿದರೆ ಎರಡೂ ಮೆದುಳಿನ ಒಂದೇ ಬೀಗಕ್ಕೆ ಹೋಗಿ ಕೂರುತ್ತವೆ. ನಿದ್ದೆ ಹೆಚ್ಚಾಗುವ ಬದಲು ಉಸಿರಾಟ ಮಂದ, ನಡಿಗೆ ತೂರಾಟ, ನೆನಪು ಖಾಲಿ. ಇನ್ನೊಂದು, 65 ದಾಟಿದವರಿಗೆ ಜೋಲ್ಪಿಡೆಮ್‌ನ ಪ್ರಮಾಣವೇ 5 ಮಿ.ಗ್ರಾಂ. 10 ಅಂದರೆ ಎರಡು ಪಟ್ಟು. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಮಾಡಿರುವ ಬೀರ್ಸ್ ಪಟ್ಟಿಯಂತೂ ಆ ವಯಸ್ಸಿನವರಿಗೆ ಈ ಎರಡೂ ಗುಂಪಿನ ಮಾತ್ರೆಗಳನ್ನು ಆದಷ್ಟು ತಪ್ಪಿಸಿ ಅನ್ನುತ್ತೆ.

ಹಾಗಂತ ಅಮ್ಮನ ಕ್ಲೋನಾಜೆಪಾಮ್ ಅನ್ನು ಪ್ರಯಾಣದ ನೆಪದಲ್ಲಿ ನಿಲ್ಲಿಸಬೇಡಿ. ಆರು ವರ್ಷದ ಅಭ್ಯಾಸವನ್ನು ಒಮ್ಮೆಗೇ ಬಿಟ್ಟರೆ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ. ಅದು ಆಕಾಶದಲ್ಲಿ ಆಗುವುದು ಬೇಡ.

ಅಪ್ಪನ ವಿಷಯ ನನಗೆ ಇನ್ನೂ ಹೆಚ್ಚು ಚಿಂತೆ. ಜೋರು ಗೊರಕೆ, ಬಿ.ಪಿ., ಗಂಡಸು, 50 ದಾಟಿದ ವಯಸ್ಸು: ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದೆಯಾ ಎಂದು ಕೇಳುವ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲೇ ಹೌದು ಅಂತ ಉತ್ತರ ಬಂತು. ಉಳಿದವು: ಹಗಲು ಸುಸ್ತು, ಮಲಗಿದಾಗ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬೊಜ್ಜು, ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿದೆಯಾ. ಅಮ್ಮನನ್ನೇ ಕೇಳಿ, ಗೊರಕೆ ನಡುವೆ ಹತ್ತು ಸೆಕೆಂಡು ನಿಶ್ಶಬ್ದವಾಗಿ, ಆಮೇಲೆ ಏದುಸಿರು ಬಿಟ್ಟು ಮತ್ತೆ ಶುರುವಾಗುತ್ತಾ ಅಂತ. ಹೌದಾದರೆ ಹೊರಡುವ ಮುಂಚೆ ನಿದ್ದೆ ಪರೀಕ್ಷೆ ಮಾಡಿಸಿ. ಈಗ ಮನೆಯಲ್ಲೇ ಒಂದು ರಾತ್ರಿಯಲ್ಲಿ ಮುಗಿಯುವ ಯಂತ್ರ ಬಂದಿದೆ.

ಹಳೇಬೇರು
ಮೇಡಂ, ಮನೆಯಲ್ಲಿ ದಿನಾ ಗೊರಕೆ ಹೊಡೆದು ಮಲಗುವವರಿಗೆ ವಿಮಾನದಲ್ಲಿ ಹೆಚ್ಚೇನು ಅಪಾಯ? ಅದೂ ಅರ್ಧ ಮಾತ್ರೆಗೆ?

ನಿದ್ದೆವೈದ್ಯೆ
ಎತ್ತರ, ಸರ್. ವಿಮಾನ 35,000 ಅಡಿಯಲ್ಲಿದ್ದರೂ ಕ್ಯಾಬಿನ್ ಒಳಗಿನ ಒತ್ತಡವನ್ನು ಹೆಚ್ಚೆಂದರೆ 8,000 ಅಡಿಗೆ, ಅಂದರೆ 2,438 ಮೀಟರಿಗೆ ಸಮ ಇಡುತ್ತಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದಕ್ಕಿಂತ ಅರ್ಧ ಕಿಲೋಮೀಟರ್ ಮೇಲೆ ಹದಿನಾರು ಗಂಟೆ ಕೂತಂತೆ. ಅಲ್ಲಿ ಎಚ್ಚರವಾಗಿರುವ ಆರೋಗ್ಯವಂತರ ರಕ್ತದ ಆಮ್ಲಜನಕವೇ ನೂರಕ್ಕೆ 97–98ರಿಂದ 90–93ಕ್ಕೆ ಇಳಿದಿರುತ್ತೆ. ಅದರ ಮೇಲೆ ಆಪ್ನಿಯಾದಲ್ಲಿ ಉಸಿರು ಕಟ್ಟಿದರೆ ಇನ್ನಷ್ಟು ಇಳಿಯುತ್ತೆ. ಸಾಮಾನ್ಯವಾಗಿ ಆಗ ಮೆದುಳು ಒದ್ದು ಎಬ್ಬಿಸುತ್ತೆ. ಆಲ್‌ಪ್ರಜೋಲಾಮ್ ಆ ಎಬ್ಬಿಸುವ ಶಕ್ತಿಯನ್ನೇ ಮಂಕು ಮಾಡುತ್ತೆ, ಗಂಟಲಿನ ಸ್ನಾಯುವನ್ನೂ ಸಡಿಲಿಸುತ್ತೆ. ಅರ್ಧ ಮಾತ್ರೆ ಅನ್ನುವುದು ಅರ್ಧ ಅಪಾಯ ಅಲ್ಲ. ಎಂದೂ ತಗೊಳ್ಳದ 71 ವರ್ಷದ ದೇಹಕ್ಕೆ ಅದು ಎಷ್ಟು ಹಿಡಿಯುತ್ತೆ ಅಂತ ಮೊದಲ ಸಲ ಗೊತ್ತಾಗುವ ಜಾಗ ವಿಮಾನ ಆಗಬಾರದು. ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೂ, ಟ್ರಾಮಡಾಲ್ ಅಥವಾ ಕೋಡೀನ್‌ನಂಥ ಜೋರು ನೋವಿನ ಮಾತ್ರೆ ತಗೊಳ್ಳುವವರಿಗೂ ಇದೇ ಮಾತು.

ಪರೀಕ್ಷೆಯಲ್ಲಿ ಆಪ್ನಿಯಾ ಬಂದು, ಮಲಗಿದಾಗ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಕೊಟ್ಟರೆ ಅದನ್ನು ಕೈಚೀಲದಲ್ಲೇ ಒಯ್ಯಿರಿ. ಆಸನದಲ್ಲಿ ಬಳಸುವುದಾದರೆ ವಿಮಾನ ಸಂಸ್ಥೆಗೆ ಕನಿಷ್ಠ 48 ಗಂಟೆ ಮುಂಚೆ ಮಾಡೆಲ್ ಹೆಸರು ತಿಳಿಸಿ, ಆ ಆಸನಕ್ಕೆ ಪ್ಲಗ್ ಇದೆಯಾ ಕೇಳಿ.

ಮೆಡಿಕಲ್‌ಶಾಪ್_ದಾವಣಗೆರೆ
ಅಂಗಡಿ ಕಡೆಯಿಂದ ಒಂದು ಮಾತು. "ನಾನು ನಿದ್ದೆ ಮಾತ್ರೆ ತಗೊಳ್ಳಲ್ಲ" ಅನ್ನುವವರ ಸ್ಟ್ರಿಪ್ ತಿರುಗಿಸಿ ನೋಡಿದರೆ ಹತ್ತರಲ್ಲಿ ಕೆಲವರ ಕೈಯಲ್ಲಿ ಇದ್ದೇ ಇರುತ್ತೆ. ಎಸ್ಸಿಟಲೋಪ್ರಾಮ್ ಜೊತೆ ಕ್ಲೋನಾಜೆಪಾಮ್, ಪ್ರೊಪ್ರನೊಲಾಲ್ ಜೊತೆ ಆಲ್‌ಪ್ರಜೋಲಾಮ್, ಹೀಗೆ ಜೋಡಿ ಮಾತ್ರೆಗಳು ನಮ್ಮಲ್ಲಿ ಬಹಳ. ಮನೆಯಲ್ಲಿ ಅದಕ್ಕೆ "ಟೆನ್ಶನ್ ಮಾತ್ರೆ" ಅಂತ ಹೆಸರು. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಸಂಯೋಜನೆಯ ಸಾಲನ್ನು ಅಪ್ಪ ಅಮ್ಮ ಇಬ್ಬರ ಎಲ್ಲ ಮಾತ್ರೆಗಳಲ್ಲೂ ಓದಿ.

ಅದೇ ರೀತಿ ವಾಂತಿಗೆಂದು ಕೊಡುವ ಆವೊಮಿನ್. ಅದರಲ್ಲಿರುವುದು ಪ್ರೊಮೆಥಜೀನ್, ಚೆನ್ನಾಗಿ ಜೋಂಪು ಹಿಡಿಸುತ್ತೆ. ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್, ಅಲರ್ಜಿಗೆ ಸೆಟ್ರಿಜಿನ್. ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಒಂದು ನಿದ್ದೆ ಮಾತ್ರೆ, ಒಂದು ಆವೊಮಿನ್, ಒಂದು ನೆಗಡಿ ಮಾತ್ರೆ ಅಂದರೆ ಮೂರು ಮಂಪರು. ವಯಸ್ಸಾದ ಗಂಡಸರಿಗೆ ಆವೊಮಿನ್, ನೆಗಡಿ ಮಾತ್ರೆ ಮೂತ್ರವನ್ನೂ ಕಟ್ಟಿಸಬಹುದು.

ಮತ್ತೊಂದು: ಆಂಟಿಬಯೊಟಿಕ್ ಕ್ಲಾರಿಥ್ರೊಮೈಸಿನ್, ಚರ್ಮದ ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಇವು ಆಲ್‌ಪ್ರಜೋಲಾಮ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತವೆ. ಹುಳುಕಡ್ಡಿಗೆ ಇಟ್ರಾಕೊನಜೋಲ್ ನುಂಗುತ್ತಿರುವವರು ಇವತ್ತು ತುಂಬಾ ಜನ. ಆ ವಿಷಯ ನಿದ್ದೆಗೆ ಬರೆಯುವ ಡಾಕ್ಟರಿಗೆ ಗೊತ್ತಿರಲೇಬೇಕು.

ಗ್ಯಾಲಿ_ನಾಲ್ಕು
ಕ್ಯಾಬಿನ್ ಕೆಲಸದ ಕಡೆಯಿಂದ. ತೊಂದರೆ ಆಗುವುದು ಹೆಚ್ಚಾಗಿ ಮಾತ್ರೆಯಿಂದಲ್ಲ, ಅದನ್ನು ನುಂಗಿದ ಹೊತ್ತಿನಿಂದ.

ಗೇಟಿನಲ್ಲಿ ಕೂತಿರುವಾಗ ನುಂಗಲೇಬಾರದು. ವಿಮಾನ ತಡವಾಗುತ್ತೆ, ಗೇಟ್ ಬದಲಾಗುತ್ತೆ, ರನ್‌ವೇವರೆಗೆ ಹೋಗಿ ವಾಪಸ್ ಬಂದು ಎಲ್ಲರನ್ನೂ ಇಳಿಸುವುದೂ ಇದೆ. ಆಗ ಮಾತ್ರೆ ನುಂಗಿದವರು ನಡೆಯಲಾರರು, ಹೇಳಿದ್ದು ಅವರಿಗೆ ಅರ್ಥ ಆಗಲ್ಲ. ತುರ್ತಿನಲ್ಲಿ ಅರ್ಧ ಬಾಗಿಲುಗಳಿಂದಲೇ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಬಹುದು ಎಂದು ತೋರಿಸಿದ ಮೇಲೇ ಅದಕ್ಕೆ ಹಾರುವ ಅನುಮತಿ ಸಿಗುವುದು. ಮೇಲೇರುವಾಗ, ಇಳಿಯುವಾಗ ಎಲ್ಲರೂ ಎಚ್ಚರ ಇರಬೇಕು ಅನ್ನುವುದು ಅದಕ್ಕೇ.

ಮೇಲೆ ಹೋಗಿ ಬೆಲ್ಟ್ ದೀಪ ಆರಿ, ಊಟ ಬಂದು, ತಟ್ಟೆ ಎತ್ತಿಕೊಂಡು ಹೋದ ಮೇಲೆ ಯೋಚಿಸಿ. ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ. ಬೆಲ್ಟನ್ನು ಕಂಬಳಿಯ ಮೇಲೆ ಕಾಣುವಂತೆ ಹಾಕಿಕೊಳ್ಳಿ. ಕಾಣದಿದ್ದರೆ ವಿಮಾನ ಕುಲುಕಿದಾಗೆಲ್ಲ ನಾವು ಎಬ್ಬಿಸಿ ಕೇಳಲೇಬೇಕು. ವೈನ್, ಬಿಯರ್ ಯಾವುದೂ ಬೇಡ, ಒಂದು ಗುಟುಕೂ. ಮಾತ್ರೆ ಯಾವುದು, ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದು ಎದುರಿನ ಜೇಬಲ್ಲಿಡಿ. ಸಂಗಾತಿ ಎಚ್ಚರ ಇರಬೇಕು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಾತ್ರೆ ನುಂಗಿ ಮಲಗುವ ಲೆಕ್ಕಾಚಾರ ಮಾಡಬೇಡಿ.

ಒಬ್ಬರೇ ಪ್ರಯಾಣಿಸುವವರು ನಮಗೇ ಹೇಳಬಹುದು. ನಾಚಿಕೆಯ ವಿಷಯ ಅಲ್ಲ ಅದು.

ಬೆಳ್ಳಕ್ಕಿ
ಜೋಲ್ಪಿಡೆಮ್ ಯಾರಿಗೂ ಬೇಡವಾ ಹಾಗಾದರೆ? 40ರ ಆಸುಪಾಸಿನ, ಬೇರೆ ಕಾಯಿಲೆ ಇಲ್ಲದ ಹೆಂಗಸಿಗೆ?

ನಿದ್ದೆವೈದ್ಯೆ
ಬೇಡ ಅಂತಲ್ಲ. ಅದರ ಅರ್ಧಾಯು ಸುಮಾರು 2.5 ಗಂಟೆ; 8 ಗಂಟೆ ಕಳೆದರೆ ಒಂಬತ್ತರಲ್ಲಿ ಒಂದು ಪಾಲು ಉಳಿದಿರುತ್ತೆ. ಅದೇ 8 ಗಂಟೆಯಲ್ಲಿ ಕ್ಲೋನಾಜೆಪಾಮ್ ನೂರಕ್ಕೆ 85ರಷ್ಟು ಉಳಿದಿರುತ್ತೆ. ಒಂದು ಹಾರಾಟದ ಮಟ್ಟಿಗೆ ಬರೆಯಲೇಬೇಕಾದರೆ ನಾನು ಕ್ಲೋನಾಜೆಪಾಮ್, ಡಯಜೆಪಾಮ್ ಹೊಸದಾಗಿ ಶುರು ಮಾಡದಿರುವುದು ಈ ಲೆಕ್ಕದಿಂದಲೇ.

ಆದರೆ ಹೆಂಗಸರ ಪ್ರಮಾಣ 5 ಮಿ.ಗ್ರಾಂ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2013ರಲ್ಲಿ ಅದನ್ನು 10ರಿಂದ 5ಕ್ಕೆ, ನಿಧಾನ ಬಿಡುಗಡೆಯದನ್ನು 12.5ರಿಂದ 6.25ಕ್ಕೆ ಇಳಿಸಿತು. ಒಂದೇ 10 ಮಿ.ಗ್ರಾಂ. ನುಂಗಿದರೂ ಹೆಂಗಸರ ರಕ್ತದಲ್ಲಿ ಮಟ್ಟ ಸುಮಾರು 45% ಹೆಚ್ಚಿರುತ್ತೆ. ಎಂಟು ಗಂಟೆ ಆದ ಮೇಲೂ ಕಾರು ಓಡಿಸುವುದಕ್ಕೆ ತೊಂದರೆ ಆಗುವಷ್ಟು ಔಷಧಿ ಹೆಂಗಸರಲ್ಲಿ ಸುಮಾರು 15%, ಗಂಡಸರಲ್ಲಿ 3% ಜನರಲ್ಲಿ ಉಳಿದಿತ್ತು. ಇಳಿದ ದಿನ ಸ್ಟೀರಿಂಗ್ ಹಿಡಿಯಬೇಡಿ.

ತಗೊಂಡ ಮೇಲೆ ಏಳೆಂಟು ಗಂಟೆ ಮಲಗಲು ಅವಕಾಶ ಇರಬೇಕು. ಇಳಿಯುವ ಹೊತ್ತಿಗೆ ಎಂಟಕ್ಕಿಂತ ಕಡಿಮೆ ಗಂಟೆ ಉಳಿದಿದ್ದರೆ ಮಾತ್ರೆ ಜೇಬಲ್ಲೇ ಇರಲಿ. ಬೆಂಗಳೂರು–ದುಬೈ ನಾಲ್ಕು ಗಂಟೆಗೆ ಯಾರಿಗೂ ಯಾವ ನಿದ್ದೆ ಮಾತ್ರೆಯೂ ಇಲ್ಲ. ಹೊಟ್ಟೆ ತುಂಬಾ ಉಂಡ ತಕ್ಷಣ ನುಂಗಿದರೆ ಹತ್ತುವುದು ನಿಧಾನ. ಕೆಲಸ ಮಾಡಲಿಲ್ಲ ಅಂತ ಇನ್ನೊಂದು ನುಂಗುತ್ತಾರೆ, ಅಲ್ಲೇ ಎಡವುವುದು. ಎರಡನೆಯದು ಎಂದಿಗೂ ಬೇಡ. ಸಿ.ಆರ್. ಎಂದು ಬರೆದ ನಿಧಾನ ಬಿಡುಗಡೆಯ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು; ಎಂಟು ಗಂಟೆಗೆ ಹಂಚಿದ ಔಷಧಿ ಒಂದೇ ಸಲ ಇಳಿಯುತ್ತೆ.

ಮಾತ್ರೆ ನುಂಗಿ ಫೋನ್ ನೋಡುತ್ತಾ ಕೂರುವುದು ಇನ್ನೊಂದು ತಪ್ಪು. ಆ ಮಧ್ಯದ ಹೊತ್ತಿನಲ್ಲಿ ಮಾಡಿದ್ದು, ಮಾತಾಡಿದ್ದು ನೆನಪಿನಲ್ಲಿ ಉಳಿಯದೇ ಹೋಗಬಹುದು. ನಿದ್ದೆಯಲ್ಲೇ ಎದ್ದು ನಡೆಯುವುದು, ತಿನ್ನುವುದು ಇವುಗಳಿಗಾಗಿ 2019ರಲ್ಲಿ ಎಫ್.ಡಿ.ಎ. ಜೋಲ್ಪಿಡೆಮ್, ಎಸ್ಜೋಪಿಕ್ಲೋನ್, ಜಾಲೆಪ್ಲಾನ್ ಮೂರರ ಮೇಲೂ ಚೌಕಟ್ಟಿನೊಳಗೆ ಅಚ್ಚು ಹಾಕುವ ಅತಿ ಗಂಭೀರ ಎಚ್ಚರಿಕೆ ಹಾಕಿತು. ಒಮ್ಮೆ ಹಾಗಾದವರು ಮತ್ತೆ ಇವನ್ನು ಮುಟ್ಟುವಂತೆಯೇ ಇಲ್ಲ.

ಆದ್ದರಿಂದ ಹೊರಡುವುದಕ್ಕೆ ವಾರವಾದರೂ ಮೊದಲು, ಮರುದಿನ ಕೆಲಸವಿಲ್ಲದ ರಾತ್ರಿ, ಮನೆಯಲ್ಲಿ ಅದೇ ಪ್ರಮಾಣ ಒಮ್ಮೆ ತಗೊಂಡು ನೋಡಿ. ಜೊತೆಗೆ ಒಬ್ಬರು ಇರಲಿ. ರಾತ್ರಿ ಬಾತ್‌ರೂಮಿಗೆ ಎದ್ದಾಗ ತೂರಾಡಿದಿರಾ, ಬೆಳಗ್ಗೆ ತಲೆ ಭಾರವಾ, ರಾತ್ರಿ ಆಡಿದ ಮಾತು ನೆನಪಿದೆಯಾ, ಇಷ್ಟನ್ನು ಅವರು ಗಮನಿಸಿದರೆ ಸಾಕು.

ಸಂಪಿಗೆ_ಡಾಲಸ್
ತುಂಬಾ ಉಪಕಾರ ಮೇಡಂ. ಅಮ್ಮ ಕ್ಲೋನಾಜೆಪಾಮ್ ಅನ್ನು ದಿನಾ ರಾತ್ರಿ 10ಕ್ಕೆ ತಗೊಳ್ಳುವುದು. ಆ ರಾತ್ರಿ 11ಕ್ಕೆ ಮನೆ ಬಿಡಬೇಕು. ಏನು ಮಾಡಲಿ?

ನಿದ್ದೆವೈದ್ಯೆ
ನೀವು ಕೊಟ್ಟ ಹೊತ್ತುಗಳನ್ನು ಡಾಲಸ್ ಗಡಿಯಾರಕ್ಕೆ ತಿರುಗಿಸಿ ನೋಡಿ. ಬೇಸಿಗೆಯಲ್ಲಿ ಡಾಲಸ್ ನಮಗಿಂತ 10.5 ಗಂಟೆ ಹಿಂದೆ. ದುಬೈಯಿಂದ ಎರಡನೇ ವಿಮಾನ ಏಳುವುದು ನಮ್ಮ ಬೆಳಗ್ಗೆ 11ಕ್ಕೆ. ಡಾಲಸ್‌ನಲ್ಲಿ ಆಗ ರಾತ್ರಿ 12.30. ಇಳಿಯುವುದು ಅಲ್ಲಿಯ ಸಂಜೆ 4.30. ಅಂದರೆ ಆ ಹಾರಾಟದ ಮೊದಲರ್ಧ ಡಾಲಸ್‌ನ ರಾತ್ರಿ. ಮಲಗಬೇಕಾದ್ದು ಅಲ್ಲಿ. ಉಳಿದ ಏಳೆಂಟು ಗಂಟೆ ಎಚ್ಚರ.

ರಾತ್ರಿ 10ಕ್ಕೆ ಮಾತ್ರೆ ಕೊಟ್ಟರೆ ಅಮ್ಮ ಇಮಿಗ್ರೇಶನ್ ಸಾಲಿನಲ್ಲಿ ತೂಕಡಿಸುತ್ತಾರೆ, ದುಬೈಯಲ್ಲಿ ಗೇಟ್ ಹುಡುಕುವಾಗಲೂ. ಆ ದಿನದ್ದನ್ನು ದುಬೈ ಬಿಟ್ಟು ಊಟ ಮುಗಿದ ಮೇಲಕ್ಕೆ ಮುಂದೂಡಬಹುದಾ ಅಂತ ಅವರ ಡಾಕ್ಟರನ್ನು ಕೇಳಿ. ಹದಿನಾಲ್ಕು ಹದಿನೈದು ಗಂಟೆ ತಡವಾಗುತ್ತೆ ನಿಜ, ಆದರೆ 30–40 ಗಂಟೆ ಅರ್ಧಾಯು ಇರುವ ಔಷಧಿಗೆ ಅದು ತಪ್ಪಿಸಿದ ಹಾಗಲ್ಲ. ಅದರ ಮುಂದಿನದು ಡಾಲಸ್ ಮನೆಯಲ್ಲಿ ರಾತ್ರಿ 9.30–10ಕ್ಕೆ, ಸುಮಾರು 20 ಗಂಟೆ ಬಿಟ್ಟು. 0.5ರ ಮೇಲೆ ಒಂದು ಚೂರೂ ಹೆಚ್ಚು ಬೇಡ.

ಅಪ್ಪನಿಗೆ ಮಾತ್ರೆಯೇ ಬೇಕಾಗಲ್ಲ ಅಂತ ನನ್ನ ಅಂದಾಜು. ರಾತ್ರಿಯಿಡೀ ವಿಮಾನ ನಿಲ್ದಾಣದಲ್ಲಿ ಎಚ್ಚರವಿದ್ದು ಬೆಳಗಿನ ಜಾವ ಹೊರಟ ದೇಹಕ್ಕೆ ದುಬೈ ಬಿಟ್ಟ ಮೇಲೆ ನಿದ್ದೆ ತಾನಾಗಿ ಬರುತ್ತೆ. ಕಣ್ಣುಪಟ್ಟಿ, ಕಿವಿಗೆ ಹತ್ತಿ ಅಥವಾ ಪ್ಲಗ್, ಕತ್ತಿನ ದಿಂಬು, ದುಬೈಯಿಂದ ಮುಂದೆ ಕಾಫಿ-ಟೀ ಬೇಡ. ಗೊರಕೆಯವರು ಕುರ್ಚಿ ಒರಗಿಸಿ ಕತ್ತು ಮುಂದಕ್ಕೆ ಜೋಲದಂತೆ ನೋಡಿಕೊಳ್ಳಲಿ.

ರಕ್ತನಾಳ
ಕಾಲಿನ ಮಾತು ಯಾರೂ ಎತ್ತಲಿಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಹೇಳಿತ್ತು. ಲೆಕ್ಕದಲ್ಲಿ ಸುಮಾರು 6,000 ಜನರಲ್ಲಿ ಒಬ್ಬರಿಗೆ. ಸಹಜ ನಿದ್ದೆಯಲ್ಲಿ ನಾವು ಹೊರಳುತ್ತೇವೆ, ಕಾಲು ಎಳೆದುಕೊಳ್ಳುತ್ತೇವೆ. ಮಾತ್ರೆಯ ನಿದ್ದೆಯಲ್ಲಿ ಕಾಲು ಮಡಿಸಿದ ಹಾಗೇ ಆರು ಗಂಟೆ ಇರುತ್ತೆ, ಮಂಡಿಯ ಹಿಂದೆ ರಕ್ತ ನಿಲ್ಲುತ್ತೆ.

ಮಲಗುವ ಮುಂಚೆ ಹತ್ತು ನಿಮಿಷ ನಡೆದಾಡಿ. ಕಾಲ ಕೆಳಗೆ ಚೀಲ ಇಡಬೇಡಿ, ಕಾಲು ಚಾಚಲು ಜಾಗ ಇರಲಿ. ಎದ್ದ ಮೇಲೆ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ. ಹಿಂದೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇರುವವರು, ಇತ್ತೀಚೆಗೆ ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿ ಮಂಡಿಯವರೆಗಿನ ಒತ್ತಡದ ಕಾಲುಚೀಲ ಹಾಕಿಕೊಳ್ಳಿ: ಹರಡಿನ ಬಳಿ 15–30 ಮಿ.ಮೀ. ಪಾದರಸದಷ್ಟು ಒತ್ತಡದ್ದು, ಬೆಳಗ್ಗೆ ಊತ ಇಲ್ಲದಾಗ ಅಳತೆ ತೆಗೆದದ್ದು. ಕಾಲಿನ ಅಪಧಮನಿ ಕಿರಿದಾದವರಿಗೆ ಅದು ಹಾನಿ. ಅವರಿಗೆ ನಿದ್ದೆ ಮಾತ್ರೆಯೂ ಬೇಡ, ಕಾಲುಚೀಲವೂ ಬೇಡ, ನಡಿಗೆಯೇ ಸರಿ. ಇಳಿದ ಮೇಲೆ ಒಂದೇ ಕಾಲು ಊದಿ ನೋವಾದರೆ, ಇಲ್ಲವೇ ಏಕಾಏಕಿ ಉಸಿರು ಕಟ್ಟಿ ಎದೆ ನೋವು ಬಂದರೆ ಜೆಟ್ ಲ್ಯಾಗ್ ಅಂತ ಮನೆಯಲ್ಲಿ ಕೂರಬೇಡಿ.

ಗ್ಲೂಕೋಮೀಟರ್
ಇನ್ಸುಲಿನ್ ತಗೊಳ್ಳುವವರಿದ್ದರೆ ಇದನ್ನೂ ಸೇರಿಸಿ: ಸಕ್ಕರೆ ಇಳಿದಾಗ ಬೆವರು, ನಡುಕ ಬಂದು ಎಚ್ಚರವಾಗಬೇಕು. ನಿದ್ದೆ ಮಾತ್ರೆ ಆ ಎಚ್ಚರವನ್ನು ತಿಂದುಹಾಕುತ್ತೆ. ಊಟ ಬರುತ್ತೆ ಅಂತ ಇನ್ಸುಲಿನ್ ಚುಚ್ಚಿಕೊಂಡು, ಊಟ ತಡವಾಗಿ, ಮಾತ್ರೆಯಲ್ಲಿ ಮಲಗಿಬಿಟ್ಟರೆ ಕೆಟ್ಟದ್ದು. ತಟ್ಟೆ ಮುಂದೆ ಬಂದ ಮೇಲೇ ಇನ್ಸುಲಿನ್.

ಕಡತಪಾಲ
ಕಾಗದಪತ್ರದ ಪ್ರಶ್ನೆಗೆ ಬರ್ತೀನಿ, ಯಾಕಂದರೆ ನಮ್ಮ ಕಡೆ ಎಡವಟ್ಟಾಗುವುದು ಹೆಸರಿನಲ್ಲಿ. ಡಾಕ್ಟರ ಚೀಟಿಯಲ್ಲಿ "ಸರೋಜಮ್ಮ, 66" ಅಂತಷ್ಟೇ ಇರುತ್ತೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರು, ತಂದೆ ಅಥವಾ ಗಂಡನ ಹೆಸರು ಎಲ್ಲ ಸೇರಿರುತ್ತೆ. ಚೀಟಿ ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ ಇರಲಿ. ಔಷಧಿಯ ಮೂಲ ಹೆಸರು, ಮಿ.ಗ್ರಾಂ, ಎಷ್ಟು ದಿನಕ್ಕೆ, ಯಾವ ಕಾಯಿಲೆಗೆ, ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ಮೊಹರು, ಎಲ್ಲ ಇಂಗ್ಲಿಷಿನಲ್ಲಿ.

ಅಮೆರಿಕದಲ್ಲಿ ಕ್ಲೋನಾಜೆಪಾಮ್, ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಮೂರೂ ನಿಯಂತ್ರಿತ ಔಷಧಿಗಳು, ನಾಲ್ಕನೇ ಅನುಸೂಚಿ. ಸ್ವಂತ ಬಳಕೆಗೆ, ಅಂಗಡಿಯವರು ಕೊಟ್ಟ ಮೂಲ ಪ್ಯಾಕಿನಲ್ಲೇ ಒಯ್ಯಬೇಕು, ಇದೆ ಅಂತ ಕಸ್ಟಮ್ಸ್‌ನವರಿಗೆ ಹೇಳಬೇಕು. 90 ದಿನಕ್ಕಿಂತ ಹೆಚ್ಚಿನದು ಬೇಡ. ವಾರದ ಏಳು ಖಾನೆ ಡಬ್ಬಿಗೆ ಸುರಿದುಕೊಂಡು ಹೋಗುವ ಅಭ್ಯಾಸ ಇಲ್ಲಿ ಕೈಕೊಡುತ್ತೆ. ಎಲ್ಲವೂ ಕೈಚೀಲದಲ್ಲಿ, ಚೆಕ್ ಇನ್ ಮಾಡಿದ ಸೂಟ್‌ಕೇಸ್ ದುಬೈಯಲ್ಲೇ ಉಳಿದುಬಿಟ್ಟರೆ ಅಮ್ಮನ ಮಾತ್ರೆಯೂ ಅಲ್ಲೇ.

ಶಾರ್ಜಾ_ಕನ್ನಡಿಗ
ದುಬೈಯಲ್ಲಿ ಮೂರು ಗಂಟೆ ಒಳಗೇ ಕೂತು ಮುಂದೆ ಹೋಗುವವರಿಗೆ ಚೀಟಿ ಕೈಯಲ್ಲಿರಲೇಬೇಕು. ಆದರೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟು ಎರಡು ದಿನ ಊರು ನೋಡಿ ಹೋಗೋಣ ಅನ್ನುವವರಿಗೆ ಬೇರೆ ಮಾತು. ಇಲ್ಲಿ ಈ ಗುಂಪಿನ ಔಷಧಿ ನಿಯಂತ್ರಿತ. ಬರುವ ಮುಂಚೆಯೇ ಇಲ್ಲಿಯ ಸರ್ಕಾರದ ಆನ್‌ಲೈನ್ ಅನುಮತಿ ಪಡೆದಿರಬೇಕು. ಟ್ರಾಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್‌ಗೂ ಹಾಗೆಯೇ. ಪಕ್ಕದ ಮನೆಯವರ ಮಾತ್ರೆ, ಬೇರೆಯವರ ಹೆಸರಿನ ಚೀಟಿ ಇದ್ದರೆ ಇಲ್ಲಿ ದೊಡ್ಡ ತಲೆನೋವು.

ಮೆಡಿಕಲ್‌ಶಾಪ್_ದಾವಣಗೆರೆ
ಮೂಲ ಪ್ಯಾಕ್ ಅಂದಿರಲ್ಲ, ನಮ್ಮಲ್ಲಿ ನಾಲ್ಕು ಮಾತ್ರೆ ಬೇಕೆಂದರೆ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಆ ತುಂಡಿನಲ್ಲಿ ಹೆಸರೂ ಇರಲ್ಲ, ಬ್ಯಾಚ್ ನಂಬರೂ ಇರಲ್ಲ. ಪ್ರಯಾಣಕ್ಕೆ ಪೂರ್ತಿ ಸ್ಟ್ರಿಪ್ ತಗೊಳ್ಳಿ, ಬಿಲ್ ಮೇಲೆ ರೋಗಿಯ ಹೆಸರು, ಡಾಕ್ಟರ ಹೆಸರು, ಬ್ಯಾಚ್ ನಂಬರ್ ಬರೆಸಿ. ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ 2014ರಿಂದ ಎಚ್1 ಅನುಸೂಚಿಯಲ್ಲಿವೆ. ಯಾರು ಬರೆದರು, ಯಾರಿಗೆ, ಎಷ್ಟು ಅಂತ ಅಂಗಡಿಯವರು ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಇಡಲೇಬೇಕು. ಚೀಟಿ ಇಲ್ಲದೆ ಕೊಡುವ ಅಂಗಡಿಯನ್ನು ನಂಬಬೇಡಿ.

ಹಳೇಬೇರು
ಮಾತ್ರೆ ನುಂಗಿದವರನ್ನು ಎಬ್ಬಿಸಲು ಆಗದಿದ್ದರೆ ಪಕ್ಕದವರು ಏನು ಮಾಡಬೇಕು?

ಗ್ಯಾಲಿ_ನಾಲ್ಕು
ಹೆಸರು ಹಿಡಿದು ಜೋರಾಗಿ ಕರೆದು ಭುಜ ಅಲುಗಿಸಿ. ಕಣ್ಣು ಬಿಟ್ಟು ಏನಾದರೂ ಅಂದರೆ ಸರಿ. ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ಅಥವಾ ಉಗುರು ನೀಲಿಯಾಗಿದ್ದರೆ ತಕ್ಷಣ ಕರೆಗುಂಡಿ ಒತ್ತಿ. ವಿಮಾನದಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತೆ, ಪ್ರಯಾಣಿಕರಲ್ಲಿ ವೈದ್ಯರಿದ್ದರೆ ಕರೆಯುತ್ತೇವೆ. ಬಾಯಿಗೆ ನೀರು, ಕಾಫಿ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಎದುರಿನ ಜೇಬಲ್ಲಿಡಿ ಅಂದ ಆ ಚೀಟಿ ಆಗ ಕೆಲಸಕ್ಕೆ ಬರುತ್ತೆ.

ಬೆಳ್ಳಕ್ಕಿ
ಇಳಿದ ಮೇಲೆ ನಿದ್ದೆ ಬಾರದಿದ್ದರೆ?

ನಿದ್ದೆವೈದ್ಯೆ
ನಿದ್ದೆ ಮಾತ್ರೆ ದೇಹದ ಗಡಿಯಾರವನ್ನು ತಿರುಗಿಸಲ್ಲ, ಬರೀ ಮಂಪರು ಕೊಡುತ್ತೆ. ಗಡಿಯಾರ ತಿರುಗಿಸುವುದು ಬೆಳಕು, ಸ್ವಲ್ಪ ಮಟ್ಟಿಗೆ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನ್. ದಿನಕ್ಕೆ ಒಂದೂ ಒಂದೂವರೆ ಗಂಟೆಯಷ್ಟು ಮಾತ್ರ ಸರಿಯುತ್ತೆ. ಹಾಗಾಗಿ ಮೊದಲ ವಾರ ಬೆಳಗಿನ ಜಾವ 2–3ಕ್ಕೆ ಎಚ್ಚರವಾಗುವುದು ಕಾಯಿಲೆ ಅಲ್ಲ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗದೆ, ಹಗಲು ಹೊರಗೆ ಓಡಾಡಲಿ. ಮೆಲಟೋನಿನ್ ಬೇಕಾದರೆ ಅಲ್ಲಿಯ ಮಲಗುವ ಹೊತ್ತಿಗೆ 0.5ರಿಂದ 3 ಮಿ.ಗ್ರಾಂ, ಕೆಲವು ರಾತ್ರಿ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಖಿನ್ನತೆಗೆ ಕೊಡುವ ಫ್ಲುವೊಕ್ಸಮೈನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಬೇಡ.

ಮನೆಯ ಬಗ್ಗೆಯೂ ಯೋಚಿಸಿ. ಅಲ್ಲಿಯ ಮನೆಗಳಲ್ಲಿ ಮಲಗುವ ಕೋಣೆ ಮೇಲೆ, ಮೆಟ್ಟಿಲಿಗೆ ಕಾರ್ಪೆಟ್. ಕ್ಲೋನಾಜೆಪಾಮ್ ತಗೊಂಡ 66ರ ಹೆಂಗಸು ಗೊತ್ತಿಲ್ಲದ ಮನೆಯಲ್ಲಿ ಕತ್ತಲಲ್ಲಿ ಬಾತ್‌ರೂಮ್ ಹುಡುಕುವುದು ಸೊಂಟದ ಮೂಳೆ ಮುರಿಯುವ ದಾರಿ. ಕೆಳಗಿನ ಕೋಣೆ ಕೊಡಿ, ದಾರಿಯುದ್ದಕ್ಕೂ ಪುಟ್ಟ ದೀಪ ಹಾಕಿ.

ಸಂಪಿಗೆ_ಡಾಲಸ್
ಕೆಳಗಿನ ಕೋಣೆ ಇವತ್ತೇ ಖಾಲಿ ಮಾಡಿಸ್ತೀನಿ. ಅಪ್ಪನ ನಿದ್ದೆ ಪರೀಕ್ಷೆ ಬುಧವಾರಕ್ಕೆ ಹೇಳಿದೆ. ಅಮ್ಮನ ಡಾಕ್ಟರು ಹೊಸ ಚೀಟಿ ಕೊಡ್ತಾರೆ. ಹಳೆಯದರಲ್ಲಿ "0-0-1" ಅಂತ ಇದೆ, ಹಾಗೇ ಸಾಕಾ?

ಕಡತಪಾಲ
ಸಾಲದು ತಂಗಿ. 0-0-1 ಅಂದರೆ ರಾತ್ರಿ ಒಂದು ಅಂತ ನಮಗೆ ಗೊತ್ತು, ಡಾಲಸ್ ಕಸ್ಟಮ್ಸ್‌ನವರಿಗೆ ಅದು ಬರೀ ಅಂಕಿ. "ರಾತ್ರಿ ಮಲಗುವಾಗ ಒಂದು ಮಾತ್ರೆ" ಅಂತ ಇಂಗ್ಲಿಷ್ ವಾಕ್ಯದಲ್ಲಿ ಬರೆಸಿ.

ನಿದ್ದೆವೈದ್ಯೆ
ಅದರ ಕೆಳಗೆ ಪ್ರಯಾಣದ ದಿನಕ್ಕೆ ಬೇರೆ ಸಾಲು: "ದುಬೈ ಬಿಟ್ಟು ಊಟ ಮುಗಿದ ಮೇಲೆ ಒಂದು, ಡಾಲಸ್ ಸಮಯ ಬೆಳಗಿನ ಜಾವ 3ರ ನಂತರ ಬೇಡ." ಅದನ್ನೇ ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಅಪ್ಪನ ಅಂಗಿ ಜೇಬಿಗೆ ಹಾಕಿ. ದುಬೈಯಲ್ಲಿ ಅಮ್ಮನ ಕೈಗಡಿಯಾರವನ್ನು ಡಾಲಸ್ ಹೊತ್ತಿಗೆ ತಿರುಗಿಸಲು ಅಪ್ಪನಿಗೆ ಹೇಳಿಡಿ.